ಶಾಲೆ ಮುಚ್ಚಿದಾಗ ಗುಡಿಯ ಕಟ್ಟೆ, ಮಸೀದಿಯ ಅಂಗಳ

2020ರ ಆಗಸ್ಟ್‌ನಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಿದ್ಯಾಗಮ (ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ಕಾರ್ಯಕ್ರಮ) ಶುರುವಾದಾಗ ಪಾಠಕ್ಕಿಂತ ದೊಡ್ಡ ತೊಡಕಾದದ್ದು ಜಾಗ. ಶಾಲೆಯ ಬಾಗಿಲು ತೆಗೆಯುವಂತಿಲ್ಲ. ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ದೂರದೂರ ಕೂರಿಸಲು ನೆರಳು ಬೇಕು, ಕೈ ತೊಳೆಯಲು ನೀರು ಬೇಕು. ಹಳ್ಳಿಯಲ್ಲಿ ಎರಡೂ ಒಟ್ಟಿಗೆ ಸಿಗುವುದು ಗುಡಿಯ ಜಗಲಿ, ಅರಳಿಕಟ್ಟೆ, ಮಸೀದಿಯ ಅಂಗಳ, ಚರ್ಚಿನ ಹಾಲ್, ಸಮುದಾಯ ಭವನಗಳಲ್ಲೇ. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ವಿದ್ಯಾಗಮ ನಿಂತಿತು. 2021ರ ಜನವರಿಯಲ್ಲಿ ಮತ್ತೆ ಶುರುವಾದದ್ದು ಶಾಲೆಯ ಆವರಣದಲ್ಲಿ. ನೆರೆಗೋ ರೋಗಕ್ಕೋ ಶಾಲೆ ಮತ್ತೆ ಮುಚ್ಚುವ ದಿನ ಬಂದರೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ಮೊದಲು ನೋಡಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜಾಗ ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಹಾಜರಿ ಪುಸ್ತಕದಲ್ಲಿರುವ ಯಾವ ಮಗು ಇಲ್ಲಿ ಕಾಲಿಡಲು ಹಿಂಜರಿಯುತ್ತದೆ? ಗುಡಿಯ ಪ್ರಾಕಾರದ ಒಳಗೆ ಪಾಠ ಇಟ್ಟರೆ ದಲಿತ ಕೇರಿಯ ಮಕ್ಕಳು ತಲೆನೋವು, ಜ್ವರ ಎಂದು ಮನೆಯಲ್ಲೇ ಉಳಿದುಬಿಡಬಹುದು. ಯಾರೂ ಬಾಯಿಬಿಟ್ಟು ಬೇಡ ಅನ್ನಬೇಕಾಗಿಲ್ಲ. ಏಳು, ಎಂಟನೇ ತರಗತಿಯ ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಬರುವುದಿಲ್ಲ. ತಿಂಗಳು ತಿಂಗಳೂ ಮೂರ್ನಾಲ್ಕು ದಿನದ ಗೈರುಹಾಜರಿ ಕಂಡರೆ ಕಾರಣ ಮಗುವಿನದಲ್ಲ, ಜಾಗದ್ದು. ಹಾಗಾಗಿ ಹೊಸ್ತಿಲಿನ ಒಳಗಿನ ಜಾಗವನ್ನು ಬಿಟ್ಟು ಹೊರಗಿನ ಕಟ್ಟೆಯನ್ನೇ ಕೇಳಿ. ಅಲ್ಲಿಯೂ ಒಂದು ಮಗುವಿಗೆ ಅಡ್ಡಿ ಇದ್ದರೆ ಮಗುವನ್ನು ಒಪ್ಪಿಸಲು ಹೋಗಬೇಡಿ, ಜಾಗ ಬದಲಿಸಿ. ಈ ವಿಷಯದಲ್ಲಿ ರಾಜಿ ಮಾಡಿಕೊಂಡರೆ ಉಳಿದೆಲ್ಲ ವ್ಯವಸ್ಥೆಯೂ ವ್ಯರ್ಥ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಾಗ ಸಿಕ್ಕ ಮೇಲೆ ಪೂಜಾರಿಗಳನ್ನೋ ಮಸೀದಿ ಕಮಿಟಿಯವರನ್ನೋ ಕರೆದುಕೊಂಡು ಒಂದು ಸುತ್ತು ನಡೆದು ನೋಡಿ. ಬೀಗದ ಕೈ ಇಬ್ಬರ ಬಳಿ ಇರಲಿ. ಒಬ್ಬರ ಬಳಿ ಇದ್ದರೆ ಅವರು ಊರಿಗೆ ಹೋದ ದಿನ ಪಾಠವೂ ಇಲ್ಲ. ಶೌಚಾಲಯ ಹತ್ತಿರದ ಯಾವ ಮನೆಯಲ್ಲಿ ಎಂಬುದನ್ನು ಆ ಮನೆಯ ಹೆಂಗಸರನ್ನೇ ಕೇಳಿ ನಿಕ್ಕಿ ಮಾಡಿ. ಶುಕ್ರವಾರ ಮಧ್ಯಾಹ್ನ ಮಸೀದಿಯ ಅಂಗಳ ಸಿಗುವುದಿಲ್ಲ. ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆ, ಮೈಕು ಇರುತ್ತದೆ. ಆ ಹೊತ್ತನ್ನು ಬಿಟ್ಟೇ ವೇಳಾಪಟ್ಟಿ ಬರೆಯಿರಿ.

ಇನ್ನು ಫೋನು. ವಿದ್ಯಾಗಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನಿನವರು, ಬರೀ ಕರೆಯ ಫೋನಿನವರು, ಏನೂ ಇಲ್ಲದವರು. ಪಟ್ಟಿಯಲ್ಲಿ ಬಾರದ ನಾಲ್ಕನೆಯ ಗುಂಪೂ ಇದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಆದರೆ ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ. ಇಂಥ ಮನೆಗೆ ಹಗಲಿನ ಲೈವ್ ತರಗತಿಯಿಂದ ಉಪಯೋಗವಿಲ್ಲ. ರಾತ್ರಿ ಏಳರಿಂದ ಒಂಬತ್ತರ ಒಳಗೆ ಎರಡು ಮೂರು ನಿಮಿಷದ ಧ್ವನಿ ಸಂದೇಶ, ಜೊತೆಗೆ ಪುಸ್ತಕದ ಪುಟ ಸಂಖ್ಯೆ ಕಳಿಸಿದರೆ ಸಾಕು. ಡೇಟಾ ಖರ್ಚೂ ತೀರಾ ಕಡಿಮೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಪ್ರಜ್ಞಾತಾ ಮಾರ್ಗಸೂಚಿಯೂ ಒಂದರಿಂದ ಎಂಟನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಆನ್‌ಲೈನ್ ಅವಧಿ ಸಾಕು ಎಂದಿತ್ತು.

ಪ್ರಾರ್ಥನೆಯ ವಿಷಯ. ಶಾಲೆಯ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಹಾಡಿದ ಹಾಗೆ ಆನ್‌ಲೈನಿನಲ್ಲಿ ಹಾಡಿಸಲು ಹೋದರೆ ಗದ್ದಲವಾಗುತ್ತದೆ. ಒಬ್ಬೊಬ್ಬರ ದನಿ ಒಂದೊಂದು ಕ್ಷಣ ತಡವಾಗಿ ತಲುಪುತ್ತದೆ, ಆ್ಯಪ್ ಜೋರಾದ ದನಿಯನ್ನು ಹಿಡಿದು ಉಳಿದದ್ದನ್ನು ಅದುಮುತ್ತದೆ. ಒಬ್ಬ ಹುಡುಗಿ ಹಾಡಲಿ, ಉಳಿದವರು ಮೈಕ್ ಮುಚ್ಚಿ ಮನೆಯವರ ಜೊತೆ ದನಿಗೂಡಿಸಲಿ. ನಾಳೆ ಹಾಡುವವರು ಯಾರೆಂದು ಇವತ್ತೇ ಹೇಳಿ. ಮಠದ, ಮಿಷನ್‌ನ ಶಾಲೆಗಳಲ್ಲೂ ಬೇರೆ ಧರ್ಮದ ಮಕ್ಕಳಿರುತ್ತಾರೆ. ಈಗ ಪ್ರಾರ್ಥನೆ ನಡೆಯುವುದು ಅವರ ಮನೆಯೊಳಗೆ, ಅಜ್ಜ ಅಜ್ಜಿಯರ ಕಿವಿಗೆ ಬೀಳುವ ಹಾಗೆ. ಎಲ್ಲರೂ ಒಪ್ಪುವ ನಾಡಗೀತೆಯೋ ವಚನವೋ ಸಾಕು.

ಮನೆಯ ಓದಿಗೆ ಹೊಸ ವೇಳಾಪಟ್ಟಿ ಅಂಟಿಸುವುದಕ್ಕಿಂತ ಇರುವ ಅಭ್ಯಾಸಕ್ಕೆ ಅದನ್ನು ಜೋಡಿಸುವುದು ಸುಲಭ. ದೀಪ ಹಚ್ಚಿದ ಮೇಲೆ, ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ, ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಅರ್ಧ ಗಂಟೆ ಓದು. ಓದು ಬಾರದ ಅಮ್ಮನೂ ಈ ಹೊತ್ತನ್ನು ಕಾಯಬಲ್ಲಳು. ರಂಜಾನ್‌ನಲ್ಲಿ ಮಾತ್ರ ಇಫ್ತಾರ್ ಹೊತ್ತಿಗೆ ಏನನ್ನೂ ಇಡಬೇಡಿ.

2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಮಕ್ಕಳ ಮನೆಗಳಲ್ಲೇ ಸಾವುಗಳಾದವು. ಅಂಥ ಮನೆಗೆ ಶಾಲೆಯಿಂದ ಒಬ್ಬರೇ ಫೋನ್ ಮಾಡಲಿ, ಆ ಮಗುವಿಗೆ ಹತ್ತಿರವಾದ ಟೀಚರ್ ಆದರೆ ಒಳ್ಳೆಯದು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಮಳೆ ಸುರಿಸಬೇಡಿ. ಆ ಗುಂಪನ್ನು ಮಗುವೂ ನೋಡುತ್ತಿರುತ್ತದೆ. ಅದೇ ವಾರ ಫೀಸಿನ ಸಂದೇಶ ಆ ನಂಬರಿಗೆ ಹೋಗದಂತೆ ಆಫೀಸಿನವರಿಗೆ ತಿಳಿಸಿ. ಇದೇ ಹೆಚ್ಚಾಗಿ ಮರೆತುಹೋಗುವುದು, ಮನೆಯವರಿಗೆ ಹೆಚ್ಚು ನೋಯುವುದೂ ಇದೇ. ವೈಕುಂಠ ಸಮಾರಾಧನೆ, ನಲವತ್ತನೇ ದಿನದ ಫಾತಿಹಾ, ತಿಂಗಳ ಪೂಜೆ ಯಾವತ್ತು ಎಂದು ಕೇಳಿ ಬರೆದುಕೊಳ್ಳಿ, ಅಂದು ಪರೀಕ್ಷೆ ಇಡಬೇಡಿ.

ರೇಷನ್ ವಿಷಯ ಚಿಕ್ಕದು. ಬಿಸಿಯೂಟದ ಅಳತೆ ಒಂದರಿಂದ ಐದನೇ ತರಗತಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ. ಶಾಲೆ ಮುಚ್ಚಿದ್ದಾಗ ಇದನ್ನೇ ಲೆಕ್ಕ ಹಾಕಿ ಮನೆಗೆ ಕೊಡುವುದು. ದಾಸೋಹದ, ಚರ್ಚಿನ, ಮಸೀದಿಯ ಕಿಟ್‌ಗಳು ಇದರ ಮೇಲೆ ಬರಬೇಕು, ಇದರ ಬದಲಿಗಲ್ಲ.

ಕೊನೆಯದು, ಬಲು ಮುಖ್ಯವಾದದ್ದು. ಶಾಲೆ ಮುಚ್ಚಿದಾಗ ಹದಿನಾಲ್ಕು ಹದಿನೈದರ ಹುಡುಗಿಯರಿಗೆ ಸದ್ದಿಲ್ಲದೆ ಮದುವೆ ಗೊತ್ತಾಗುತ್ತದೆ. ಸುದ್ದಿ ಶಾಲೆಗಿಂತ ಮೊದಲು ಮುಟ್ಟುವುದು ಮುಹೂರ್ತ ಇಡುವವರಿಗೆ, ನಿಕಾಹ್ ಓದಿಸುವವರಿಗೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಜಾಗ ಕೇಳಲು ಹೋದ ಮೊದಲ ದಿನವೇ ಪೂಜಾರಿಗಳಿಗೆ, ಇಮಾಮರಿಗೆ, ಪಾದ್ರಿಗಳಿಗೆ ಇದನ್ನು ತಿಳಿಸಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕ ನೋಡದೆ ದಿನ ಗೊತ್ತುಮಾಡಬೇಡಿ ಎಂದು ಕೇಳಿಕೊಳ್ಳಿ. ಅನುಮಾನ ಬಂದರೆ ಯಾರು ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.