ಓಡಿ ತೂಕ ಹೆಚ್ಚಿಸಿಕೊಂಡ ದಿನ

80 ಕಿಲೋಮೀಟರಿನ ಓಟದಲ್ಲಿ 52ನೆಯ ಕಿಲೋಮೀಟರಿನ ತಂಗುದಾಣವನ್ನು ತಲುಪಿದಾಗ ಅಲ್ಲಿದ್ದ ವೈದ್ಯೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಂಜಾನೆ ಓಟ ಶುರುವಾಗುವ ಮೊದಲು ಬರೆದುಕೊಂಡಿದ್ದ ನನ್ನ ತೂಕ 71.2 ಕಿಲೋ, ಈಗ ಯಂತ್ರ ತೋರಿಸಿದ್ದು 72.6. ಎಂಟು ಗಂಟೆ ಗುಡ್ಡ ಹತ್ತಿ ಇಳಿದವನು ಕರಗಬೇಕೇ ಹೊರತು ಬೆಳೆಯಬಾರದಷ್ಟೆ? ಯಂತ್ರ ಕೆಟ್ಟಿರಬೇಕು ಎಂದೆ. ಅವರು ಮರುಮಾತಾಡದೆ ನನ್ನ ಎಡಗೈ ಹಿಡಿದು ಬೆರಳಿನ ಉಂಗುರವನ್ನು ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ಕೈಗಡಿಯಾರದ ಪಟ್ಟಿ ಮಣಿಕಟ್ಟಿನ ಸುತ್ತ ಆಳವಾದ ಗೆರೆಯೊಂದನ್ನು ಕೊರೆದಿದ್ದುದು ನನ್ನ ಕಣ್ಣಿಗೆ ಬಿದ್ದದ್ದೂ ಆಗಲೇ.

ಈ ತಪ್ಪಿನ ಬೇರು ಹಿಂದಿನ ವರ್ಷದ ಟ್ರಯಥ್ಲಾನ್‌ನಲ್ಲಿತ್ತು. 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ 42.2 ಕಿಲೋಮೀಟರ್ ಓಡಬೇಕಾದ, ಎಲ್ಲವನ್ನೂ 17 ಗಂಟೆಯೊಳಗೆ ಮುಗಿಸಬೇಕಾದ ಆ ಸ್ಪರ್ಧೆಯನ್ನು ನಾನು 14 ಗಂಟೆ ಚಿಲ್ಲರೆಯಲ್ಲಿ ಮುಗಿಸಿದ್ದೆ. ಸೈಕಲ್ ಮೇಲೆ ಕೂತವನಿಗೆ ಎದುರುಗಾಳಿಯೇ ಬೆವರನ್ನು ಒರೆಸಿಬಿಡುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಕಾಲು ಗಂಟೆಗೊಮ್ಮೆ ಕೂಗುವಂತೆ ಗಡಿಯಾರಕ್ಕೆ ಅಲಾರಂ ಇಟ್ಟು, ಗಂಟೆಗೆ ಸುಮಾರು 750 ಮಿಲಿಲೀಟರ್ ಕುಡಿಯುವ ಲೆಕ್ಕ ಹಾಕಿಕೊಂಡಿದ್ದೆ. ಸುಡುವ ಬಿಸಿಲಿನ ಆ ದಿನ ಆ ಲೆಕ್ಕ ಸರಿಹೋಯಿತು. ಅಲ್ಲಿಂದ ಮುಂದೆ ಗೆದ್ದೆತ್ತಿನ ಬಾಲ ಹಿಡಿದ ಹಾಗೆ ಎಲ್ಲ ಸ್ಪರ್ಧೆಗೂ ಅದನ್ನೇ ಹಿಡಿದುಕೊಂಡೆ.

ಮ್ಯಾರಥಾನ್‌ನ 42.195 ಕಿಲೋಮೀಟರಿಗಿಂತ ಉದ್ದದ ಯಾವ ಓಟವನ್ನಾದರೂ ಅಲ್ಟ್ರಾ ಎನ್ನುತ್ತಾರೆ. ಆದರೆ ನಮ್ಮಂಥ ಹವ್ಯಾಸಿಗಳ ಮಟ್ಟಿಗೆ ಅದು ಅರ್ಧಕ್ಕರ್ಧ ನಡಿಗೆ. ಏರು ಬಂದರೆ ಕೈಗಳನ್ನು ತೊಡೆಗೊತ್ತಿಕೊಂಡು ನಡೆಯುತ್ತೇವೆ, ಇಳಿಜಾರಿನಲ್ಲಿ ಮಂಡಿ ಉಳಿಸಿಕೊಳ್ಳುವಷ್ಟು ಓಡುತ್ತೇವೆ. ಅಂದು ಮೋಡ ಕವಿದಿತ್ತು, ಗಾಳಿ ತಂಪಾಗಿತ್ತು, ನನ್ನ ಅಂಗಿ ಬೆನ್ನ ಮೇಲೆ ಮಾತ್ರ ಒದ್ದೆಯಾಗಿತ್ತು. ಇದೊಂದೂ ಅಲಾರಂಗೆ ಗೊತ್ತಿರಲಿಲ್ಲ. ಅದು ಕೂಗಿದಾಗಲೆಲ್ಲ, ಬಾಯಾರಿಕೆ ಇರಲಿ ಬಿಡಲಿ, ಬೆನ್ನುಚೀಲದ ಕೊಳವೆಯನ್ನು ಕಚ್ಚಿ ನುಂಗುತ್ತಲೇ ಹೋದೆ.

40 ಕಿಲೋಮೀಟರಿನ ಹೊತ್ತಿಗೆ ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳಿಸತೊಡಗಿತು. ತಲೆ ಭಾರವಾಯಿತು, ವಾಕರಿಕೆ ಬಂತು. ಗಂಟೆಗಟ್ಟಲೆ ಮೂತ್ರ ಬಂದಿರಲಿಲ್ಲ. ಇವೆಲ್ಲ ನೀರು ಸಾಲದಿರುವುದರ ಗುರುತುಗಳೆಂದೇ ನಾನು ಓದಿಕೊಂಡಿದ್ದೆನಾದ್ದರಿಂದ, ಮುಂದಿನ ಮೈಲಿಗಳಲ್ಲಿ ಲೆಕ್ಕಕ್ಕಿಂತಲೂ ಹೆಚ್ಚು ಕುಡಿದೆ. ಬೆಂಕಿಗೆ ತುಪ್ಪ ಸುರಿಯುತ್ತಿದ್ದೇನೆಂಬ ಅರಿವೇ ಇರಲಿಲ್ಲ.

ದೀರ್ಘಕಾಲದ ಶ್ರಮದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನನ್ನು ದೇಹ ಹೆಚ್ಚಾಗಿ ಸ್ರವಿಸಬಹುದು. ಆಗ ಎಷ್ಟು ಕುಡಿದರೂ ಮೂತ್ರಪಿಂಡಗಳು ಹೆಚ್ಚಾದುದನ್ನು ಹೊರಹಾಕುವುದಿಲ್ಲ ಎಂದು ವೈದ್ಯೆ ವಿವರಿಸಿದರು. ಲೀಟರ್ ರಕ್ತರಸದಲ್ಲಿ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ ಹಾಗೆ ತೆಳುವಾಗುತ್ತ ಹೋದರೆ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಬೆರಳು ಊದಿದರೆ ಉಂಗುರ ಬಿಗಿಯಾಗುತ್ತದೆ ಅಷ್ಟೆ, ಮಿದುಳು ಊದಿದರೆ ತಲೆಬುರುಡೆಯೊಳಗೆ ಜಾಗವಿಲ್ಲ. ‘ನಾನು ಉಪ್ಪಿನ ಮಾತ್ರೆಯನ್ನೂ ತೆಗೆದುಕೊಂಡಿದ್ದೇನಲ್ಲ’ ಎಂದು ವಾದಿಸಿದೆ. ‘ತುಂಬಿ ಹರಿಯುತ್ತಿರುವ ತೊಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕಿದ್ದೀರಿ’ ಎಂದರು. ಸರಿಯಾಗಿ ಆ ಕ್ಷಣಕ್ಕೆ ನನ್ನ ಗಡಿಯಾರ ಕೂಗಿತು. ಅದು ಯಾತಕ್ಕೆಂದು ಕೇಳಿ ತಿಳಿದುಕೊಂಡವರು, ನಗುವನ್ನು ತಡೆದುಕೊಂಡು, ‘ಮೊದಲು ಅದನ್ನು ನಿಲ್ಲಿಸಿ’ ಎಂದರು.

ಆಮೇಲೆ ಓದಿ ತಿಳಿದದ್ದು: 2002ರ ಬಾಸ್ಟನ್ ಮ್ಯಾರಥಾನ್‌ನ ಕೊನೆಯಲ್ಲಿ ಪರೀಕ್ಷೆಗೆಂದು ರಕ್ತ ಕೊಟ್ಟ 488 ಓಟಗಾರರಲ್ಲಿ ಶೇಕಡ 13ರಷ್ಟು ಮಂದಿಯ ಸೋಡಿಯಂ ತಗ್ಗಿತ್ತು, ಮತ್ತು ಅದರೊಂದಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕುಹಾಕಿಕೊಂಡಿದ್ದುದು ಓಟದ ನಡುವೆ ಏರಿದ ತೂಕ. ತಂಗುದಾಣದಲ್ಲಿ ತೂಕದ ಯಂತ್ರವನ್ನೇಕೆ ಇಟ್ಟಿದ್ದಾರೆಂದು ಮುಂಜಾನೆ ನಾನು ಗೇಲಿ ಮಾಡಿದ್ದೆ.

ನನ್ನನ್ನು ಮಡಚು ಕುರ್ಚಿಯೊಂದರಲ್ಲಿ ಕೂರಿಸಿ, ನೀರು ಮುಟ್ಟಕೂಡದೆಂದು ಹೇಳಿ, ಉಪ್ಪು ಜಾಸ್ತಿಯಿದ್ದ ಗಟ್ಟಿ ಸೂಪನ್ನು ಸಣ್ಣ ಲೋಟದಲ್ಲಿ ಕೊಟ್ಟರು. ಆಗಾಗ ಬಂದು ನನ್ನ ಎದೆಯ ಮೇಲಿನ ಸಂಖ್ಯೆಯನ್ನು ನೋಡದೆ ಹೇಳಿಸಿದರು, ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. 93, 86, 79 ಎಂದು ಒಪ್ಪಿಸುತ್ತಿದ್ದ ನನ್ನ ಮನಸ್ಸು ಇನ್ನೊಂದು ಕಳೆಯುವ ಲೆಕ್ಕದಲ್ಲಿತ್ತು: 66ನೆಯ ಕಿಲೋಮೀಟರನ್ನು ಹನ್ನೊಂದೂವರೆ ಗಂಟೆಯೊಳಗೆ ದಾಟದಿದ್ದರೆ ಓಟ ಅಲ್ಲಿಗೇ ಮುಗಿದಂತೆ. ಒಂದು ಗಂಟೆಯಾದ ಮೇಲೆ ಮೂತ್ರ ಬಂತು, ಒಂದಲ್ಲ ಎರಡಲ್ಲ, ಮೂರು ಸಲ. ಮತ್ತೆ ತೂಗಿ, ಮುಖವನ್ನು ದಿಟ್ಟಿಸಿ, ಬಾಯಾರಿದರೆ ಮಾತ್ರ ಕುಡಿಯುವ ಷರತ್ತಿನ ಮೇಲೆ ಅವರು ನನ್ನನ್ನು ಹೋಗಗೊಟ್ಟರು. ಅಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು.

ತಲೆ ಹಗುರಾಗಿತ್ತು, ಕಾಲುಗಳು ಮಾತ್ರ ಮರಗಟ್ಟಿದ್ದವು. ಇಳಿಜಾರಿನಲ್ಲಿ ದೇಹದ ಭಾರವನ್ನು ತಡೆಯುತ್ತ ತಡೆಯುತ್ತ ಹಿಗ್ಗಿ ಹರಿದ ತೊಡೆಯ ಸ್ನಾಯುಗಳು, ಕೂತು ತಣ್ಣಗಾದ ಮೇಲೆ ಪ್ರತಿ ಹೆಜ್ಜೆಗೂ ಚೀರುತ್ತಿದ್ದವು. ಬಳುಕಿ, ಎಡವಿ, ನಡೆದು, ಓಡಿ 66ನೆಯ ಕಿಲೋಮೀಟರಿಗೆ ಬಂದಾಗ ಒಂಬತ್ತು ನಿಮಿಷ ತಡವಾಗಿತ್ತು. ಸ್ವಯಂಸೇವಕನೊಬ್ಬ ತನ್ನದೇ ತಪ್ಪೆಂಬಂತೆ ತಲೆ ತಗ್ಗಿಸಿಕೊಂಡು ಬಂದು ನನ್ನ ಕಾಲಿನಿಂದ ಸಮಯ ಅಳೆಯುವ ಚಿಪ್ಪನ್ನು ಬಿಚ್ಚಿಕೊಂಡ.

ನಿಂತುಹೋದವರನ್ನು ಕರೆದೊಯ್ಯುವ ವ್ಯಾನಿನಲ್ಲಿ ಇನ್ನೂ ನಾಲ್ವರಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಚಾಚಿದರು. ಉಂಗುರ ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ಅಂದು ಮೊದಲ ಸಲ ನನಗೆ ನಿಜವಾಗಿ ಬಾಯಾರಿತ್ತು. ಎರಡು ಗುಟುಕು ಕುಡಿದು ಬಾಟಲಿಯನ್ನು ಅವರಿಗೆ ಹಿಂದಿರುಗಿಸಿದೆ.