ಮಾರ್ಕೋನಹಳ್ಳಿಯಲ್ಲಿ ಸೈಫನ್ ನಿಂತಾಗ

ತುಮಕೂರು ಜಿಲ್ಲೆಯ ಕೆರೆ, ಡ್ಯಾಂ ಸುತ್ತೋಣ ಅಂತ ಹಠ ಹಿಡಿದಿದ್ದು ಭಾವ. ಮಳೆ ಚೆನ್ನಾಗಿ ಆಗಿತ್ತು, ಎಲ್ಲ ಕಡೆ ಕೋಡಿ ಬಿದ್ದಿತ್ತು. ಅಕ್ಕ, ಭಾವ, ಅವರ ಮಗ, ನಾನು, ಭಾವನ ಹಳೇ ಕಾರು.

ದೇವರಾಯನದುರ್ಗದ ಬಗ್ಗೆ ಜಾಸ್ತಿ ಬರೆಯಲ್ಲ. ಬೆಟ್ಟ ಚೆನ್ನಾಗಿದೆ, ನಾಮದ ಚಿಲುಮೆಯಲ್ಲಿ ಬಂಡೆಯಿಂದ ನೀರು ಈಗಲೂ ಜಿನುಗುತ್ತದೆ, ಕೋತಿಗಳು ಕೈಯಲ್ಲಿದ್ದ ಸೌತೆಕಾಯಿ ಕಿತ್ತುಕೊಂಡವು. ಅಷ್ಟೇ. ಆದರೆ ಒಂದು ವಿಷಯ ನನಗೆ ಬಹಳ ಇಷ್ಟ. ಶಿಂಷಾ, ಜಯಮಂಗಲಿ ಎರಡೂ ಹುಟ್ಟೋದು ಈ ಬೆಟ್ಟದ ಸಾಲಿನಲ್ಲೇ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆ ಹೋಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು, ಕೊಟ್ಟ ಊರು ಬೇರೆ ಬೇರೆ. ನಾವು ಶಿಂಷಾ ಹಿಂದೆ ಹೋದೆವು.

ಕುಣಿಗಲ್ ಕೆರೆ ಏರಿ ಮೇಲೆ ಕಾರು ನಿಲ್ಲಿಸಿ ಟೀ ಕುಡಿದೆವು. ತುಂಬಿದ ಕೆರೆ ನೋಡಲು ಟಿಕೆಟ್ ಬೇಡ, ಗೇಟು ಬೇಡ, ಹೃದಯದ ಆಕಾರದ ಸೆಲ್ಫಿ ಚೌಕಟ್ಟಂತೂ ಬೇಡವೇ ಬೇಡ. ಇತ್ತೀಚೆಗೆ ನೀರು ಕಂಡಲ್ಲೆಲ್ಲ ಅಂಥದ್ದೊಂದು ನೆಡುತ್ತಾರೆ. ಕೆರೆಗೆ ಬೆನ್ನು ಹಾಕಿ ನಿಲ್ಲೋದಕ್ಕೆ ಅಷ್ಟು ದೂರ ಯಾಕೆ ಬರಬೇಕು ಅಂತ ನನಗೆ ಅರ್ಥವಾಗಿಲ್ಲ.

ಅಲ್ಲಿಂದ ಮಾರ್ಕೋನಹಳ್ಳಿಗೆ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯ ಉರಿ ಇನ್ನೂ ಆರಿಲ್ಲ. ಮೊಬೈಲ್ ಮ್ಯಾಪ್ ನಂಬಬೇಡಿ. ಅದು ನಮ್ಮನ್ನು ಡ್ಯಾಂ ಕಟ್ಟೆಗೆ ಕರೆದುಕೊಂಡು ಹೋಗದೆ ಹಿನ್ನೀರಿನ ತುದಿಗೆ ಒಯ್ದಿತು. ದಾರಿ ಕಿರಿದಾಗುತ್ತಾ ಹೋಗಿ, ಕೊನೆಗೆ ಒಂದು ರಾಗಿ ಹೊಲದ ಬದುವಿನಲ್ಲಿ ಮುಗಿದೇಹೋಯಿತು. 'ನೀವು ತಲುಪಬೇಕಾದ ಜಾಗ ಬಂದಿದೆ' ಅಂದಳು ಮ್ಯಾಪಿನ ಹೆಂಗಸು. ಕಾರು ತಿರುಗಿಸುವಾಗ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ಬಂದು ಎಳೆಯೋ ಹೊತ್ತಿಗೆ ಮಧ್ಯಾಹ್ನ. ಟ್ರ್ಯಾಕ್ಟರಿನ ಹುಡುಗ ದುಡ್ಡು ಎಣಿಸಿಕೊಳ್ಳುತ್ತಾ 'ಭಾನುವಾರ ಬಂದ್ರೆ ಇಂಥವು ಮೂರ್ನಾಲ್ಕು ಸಿಗ್ತವೆ ಸಾ' ಅಂದ. ಹೆದ್ದಾರಿ ಬಿಟ್ಟ ಮೇಲೆ ಪ್ರತಿ ಊರಲ್ಲೂ ಗಾಜು ಇಳಿಸಿ ಕೇಳಿಕೊಂಡು ಹೋಗಿ. 'ಡ್ಯಾಂ' ಅಂತ ಕೇಳಿದರೆ ಸಾಲದು, 'ಸೈಫನ್ ಹತ್ರ' ಅನ್ನಿ.

ಸೈಫನ್ ಅಂದರೆ ಏನು ಅಂತ ನನಗೂ ಆವತ್ತೇ ಗೊತ್ತಾಗಿದ್ದು.

ಮಾರ್ಕೋನಹಳ್ಳಿ ಜಲಾಶಯ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನಡುವೆ ಕಲ್ಲಿನ ಕಟ್ಟೆ 139 ಮೀಟರ್, ಎರಡೂ ಕಡೆ ಉದ್ದಕ್ಕೆ ಮಣ್ಣಿನ ಏರಿ. ದೂರದಿಂದ ನೋಡಿದರೆ ದೊಡ್ಡ ಕೆರೆಯೇ, ಕನ್ನಂಬಾಡಿ ನೋಡಿದವರಿಗೆ ಇದೇನು ಅನ್ನಿಸಬಹುದು. ಭಾವನಿಗೂ ಹಾಗೇ ಅನ್ನಿಸಿ ಮೀನು ಫ್ರೈ ಹುಡುಕಿಕೊಂಡು ಹೋದರು. ನಾನು ಸೇತುವೆ ಕಡೆ ನಡೆದೆ. ಕಟ್ಟೆಯ ಬುಡದಿಂದ ನೀರು ಬುಸುಗುಟ್ಟಿಕೊಂಡು ಹೊರಗೆ ಬರುತ್ತಿತ್ತು. ಕಟ್ಟೆಯ ಮೇಲಿಂದ ಒಂದು ಹನಿ ಇಲ್ಲ, ಎತ್ತಿದ ಗೇಟೂ ಕಾಣಲಿಲ್ಲ. ಎಲ್ಲ ಬುಡದಿಂದಲೇ.

ಪಕ್ಕದಲ್ಲಿ ಒಬ್ಬ ಯಜಮಾನರು ಕುರಿ ಬಿಟ್ಟುಕೊಂಡು ಕೂತಿದ್ದರು. ತಲೆಗೆ ಟವೆಲ್, ಕಿವಿಗೆ ಸಿಕ್ಕಿಸಿದ ಬೀಡಿ.

'ಯಾರು ಯಜಮಾನ್ರೇ ಗೇಟ್ ತೆಗೆದಿರೋದು?' ಅಂತ ಕೇಳಿದೆ.

ನಕ್ಕರು. 'ಯಾರೂ ತೆಗ್ದಿಲ್ಲ ಸಾ. ಅದೇ ಎದ್ದದೆ, ಅದೇ ಮಲಗ್ತದೆ.'

'ಅಂದ್ರೆ?'

'ನೀರು ಒಂದು ಮಟ್ಟಕ್ಕೆ ಬಂತಾ, ಅದೇ ಎಳ್ಕೊಂತದೆ. ಇಳೀತಾ, ನಿಂತೋಯ್ತದೆ. ನಮ್ಮಪ್ಪ ಇದ್ದಾಗ್ಲೂ ಹಂಗೇ, ಈಗ್ಲೂ ಹಂಗೇ. ಕರೆಂಟ್ ಇರ್ಲಿ ಬಿಡ್ಲಿ.'

ಒಳಗಿನ ಕೆಲಸವನ್ನು ಅವರು ಕೈಯಲ್ಲೇ ತೋರಿಸಿದರು. ಎಡಗೈ ಆಲಿಕೆ, ಬಲಗೈ ಅದರ ಮೇಲಿನ ಗುಮ್ಮಟ. ಮನೆಗೆ ಬಂದು ಓದಿಕೊಂಡ ಮೇಲೆ ಅವರು ತೋರಿಸಿದ್ದು ಅಷ್ಟೂ ಸರಿ ಅಂತ ಗೊತ್ತಾಯಿತು. ಗುಮ್ಮಟದ ಒಳಗೆ ದೊಡ್ಡ ಆಲಿಕೆ ಇರುತ್ತದೆ. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿದಾಗ, ಅಲ್ಲಿರುವ ಬಾಗಿದ ರೆಕ್ಕೆಗಳು ಅದನ್ನು ಸುತ್ತಿಸಿ ಸುಳಿ ಎಬ್ಬಿಸುತ್ತವೆ. ಸುಳಿ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಇಡೀ ಕೊಳವೆ ತುಂಬಿ ನೀರು ನುಗ್ಗುತ್ತದೆ. ಮಟ್ಟ ಇಳಿದಾಗ ಹೊರಗಿನ ಗಾಳಿ ಒಳಗೆ ಹೊಕ್ಕು ಅದನ್ನು ನಿಲ್ಲಿಸುತ್ತದೆ. ಗೇಟಿಲ್ಲ, ಮೋಟಾರಿಲ್ಲ. ಈ ಸುಳಿ ಸೈಫನ್ ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಲ್ಲಿ ಪ್ರಸಿದ್ಧ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇದೇ ಮಾದರಿ. ಅದು ಆಮೇಲೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು, ಕಡು ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ಮೇಲೆ ಕಾಣುತ್ತದೆ. ನಮ್ಮ ಸ್ಕೂಲ್ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

'ಏಳೋವಾಗ ನೋಡ್ಬೇಕು ಸಾ' ಅಂದರು ಯಜಮಾನರು. 'ಮೊದ್ಲು ಸುಮ್ನೆ ಸಣ್ಣಕೆ ಬತ್ತಿರ್ತದೆ. ಏನೂ ಇಲ್ಲ ಅನ್ಕಬೇಕು, ಅಷ್ಟೇ. ಆಮ್ಯಾಕೆ ಒಂದೇ ಏಟಿಗೆ. ಓಡಕ್ಕೂ ಟೈಮ್ ಸಿಗಕಿಲ್ಲ.'

ಕೆಳಗೆ ಬಂಡೆಗಳ ಮೇಲೆ ಕೆಲವು ಹುಡುಗರು ಪ್ಯಾಂಟು ಮಡಚಿಕೊಂಡು ವಿಡಿಯೋ ಮಾಡುತ್ತಿದ್ದರು. ಯಜಮಾನರು ಎದ್ದು ನಿಂತು ಕೂಗಿದರು. ಒಬ್ಬ ಕೈ ಬೀಸಿದ, ಯಾರೂ ಮೇಲೆ ಬರಲಿಲ್ಲ. 2025ರ ಅಕ್ಟೋಬರಿನಲ್ಲಿ ಇಲ್ಲೇ ನೀರಿಗೆ ಇಳಿದಿದ್ದ ಒಂದು ಕುಟುಂಬದ ಹಲವರು ಕೊಚ್ಚಿಹೋಗಿದ್ದನ್ನು ಪೇಪರಿನಲ್ಲಿ ಓದಿದ್ದೆ. ಓದುವಾಗ ನೀರು ಬಿಡೋ ಮುಂಚೆ ಯಾಕೆ ಹೇಳಲಿಲ್ಲ ಅಂತ ಸಿಟ್ಟು ಬಂದಿತ್ತು. ಇಲ್ಲಿ ನಿಂತು ನೋಡಿದ ಮೇಲೆ ಗೊತ್ತಾಯಿತು, ಬಿಡೋರು ಅಂತ ಒಬ್ಬರು ಇದ್ದರೆ ತಾನೆ ಹೇಳೋದು? ಅದಕ್ಕೇ ಇಲ್ಲಿ ತಂತಿ ಬೇಲಿ, ಕಾವಲು, ಗಟ್ಟಿ ಸೈರನ್ ಬೇರೆ ಕಡೆಗಿಂತ ಜಾಸ್ತಿ ಬೇಕು. ಡ್ಯಾಂ ಕೆಳಗೆ ನೀರು ಮೊಣಕಾಲುದ್ದ ಇದ್ದರೂ ಇಳಿಯಬೇಡಿ. ಮಕ್ಕಳಿದ್ದರೆ ಹಿನ್ನೀರಿನ ದಡದಲ್ಲಿ ಕೂತು ಬುತ್ತಿ ಬಿಚ್ಚಿ, ನೀರುಕಾಗೆ ಎಣಿಸಿ, ಸಾಕು.

ಇಷ್ಟರಲ್ಲಿ ಸದ್ದು ಬದಲಾಯಿತು. ಬುಸುಗುಟ್ಟುವಿಕೆಯ ನಡುವೆ ಒಂದು ಬಿಕ್ಕಳಿಕೆ. ಆಮೇಲೆ ಇನ್ನೊಂದು. 'ಮಲಗ್ತದೆ ನೋಡಿ' ಅಂದರು ಯಜಮಾನರು. ಕಟ್ಟೆಯ ಹೊಟ್ಟೆಯೊಳಗಿಂದ ಸೊರ್‍ರ್ ಅಂತ ಉದ್ದಕ್ಕೆ ಗಾಳಿ ಎಳೆದುಕೊಂಡ ಸದ್ದು ಬಂತು. ಬುಡದ ನೊರೆ ಒಂದು ಸಲ ಉಬ್ಬಿತು, ತಗ್ಗಿತು. ನೋಡನೋಡುತ್ತಿದ್ದಂತೆ ಬಂಡೆಗಳ ತಲೆ ಒಂದೊಂದಾಗಿ ಮೇಲೆ ಬಂದವು. ಅಲ್ಲಿಯವರೆಗೆ ನಾವಿಬ್ಬರೂ ಕಿರುಚಿಕೊಂಡು ಮಾತಾಡುತ್ತಿದ್ದೆವು ಅಂತ ಆವಾಗ ಗೊತ್ತಾಯಿತು. 'ಇನ್ನೇನು ಬಿಡಿ, ಮ್ಯಾಲೆ ಮಳೆ ಬಂದ್ರೆ ತಿರ್ಗಾ' ಅಂತ ಅವರು ಕಿವಿಯ ಬೀಡಿ ತೆಗೆದು ಹಚ್ಚಿಕೊಂಡರು.

ಭಾವ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. 'ಏನಿದೆ ಇಲ್ಲಿ ನೋಡೋಕೆ?' ಅಂದರು, ಕೈಯಲ್ಲಿ ಮೀನು. ಮೀನು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಾರ ಹಚ್ಚಿ ಆಗಷ್ಟೇ ಕರಿದಿದ್ದರು. ಅಕ್ಕ ಮಾತ್ರ ಮುಟ್ಟಲಿಲ್ಲ, ಅವಳಿಗೆ ಕೋಪ. ಇಷ್ಟು ಜನ ಬರೋ ಜಾಗದಲ್ಲಿ ಹೆಂಗಸರಿಗೆ ಹೋಗೋಕೆ ಒಂದು ಚೊಕ್ಕ ಟಾಯ್ಲೆಟ್ ಅವಳಿಗೆ ಸಿಗಲಿಲ್ಲ. ಯಡಿಯೂರಿಗೆ ಬರುವ ತನಕ ಅವಳು ಬಾಯಿ ಬಿಡಲಿಲ್ಲ. ಸಿದ್ಧಲಿಂಗೇಶ್ವರ ದೇವಸ್ಥಾನದಲ್ಲಿ ಊಟ ಆದ ಮೇಲೆ ಬಿಟ್ಟಳು, ತುಮಕೂರು ತನಕ ನಿಲ್ಲಿಸಲಿಲ್ಲ. ಅವಳು ಹೇಳಿದ್ದೆಲ್ಲ ಸರಿಯಾಗೇ ಇತ್ತು.

ಹೊರಡುವ ಮುಂಚೆ ಯಜಮಾನರಿಗೆ ನನ್ನ ನಂಬರ್ ಕೊಟ್ಟಿದ್ದೆ. ಸೈಫನ್ ಎದ್ದರೆ ಒಂದು ಮಿಸ್ಡ್ ಕಾಲ್ ಕೊಡಿ ಅಂದಿದ್ದೆ. ಹೋದ ವಾರ ಬೆಳಗ್ಗೆ ಬಂತು. ವಾಪಸ್ ಮಾಡಿದರೆ ಹಿಂದುಗಡೆ ಬರೀ ಭೋರ್ಗರೆತ, ಅವರ ಮಾತು ಅರ್ಧ ಕೇಳಿಸಲಿಲ್ಲ. 'ಎದ್ದದೆ, ಬನ್ನಿ ಬನ್ನಿ' ಅನ್ನೋದಷ್ಟೇ ಕೇಳಿಸಿತು. ರಜೆ ಕೇಳಿದೆ, ಸಿಗಲಿಲ್ಲ. ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಮೀನಿನವನ ನಂಬರ್ ಇದೆಯಾ ಅಂತ ಕೇಳಿದರು.