‘ಗಂಟಿನ ತಂಟೆಗೆ ಬರಬೇಡಿ’: 1954ರ ಫ್ರೆಂಚ್ ನುವಾರ್‌ಗೆ ಕನ್ನಡ ಸಬ್‌ಟೈಟಲ್, ಇಲ್ಲಿಯವರೆಗಿನ ಕೆಲಸ

ಝಾಕ್ ಬೆಕೇರ್ ನಿರ್ದೇಶನದ ಅಪರಾಧ ಚಿತ್ರ ‘ತೂಶೇ ಪಾ ಓ ಗ್ರಿಸ್ಬಿ’ಯ ಕನ್ನಡ ಸಬ್‌ಟೈಟಲ್‌ನ ಮೊದಲ ಕರಡು ಸಿದ್ಧವಾಗಿದೆ. ಟೈಮಿಂಗ್ ಕೂತಿದೆ, ನೀನು–ನೀವು ಪಟ್ಟಿ ಮುಗಿದಿದೆ. ಕಳ್ಳರ ಗುಪ್ತಭಾಷೆಯ ಸಾಲುಗಳಲ್ಲಿ ಅರ್ಧ ಇನ್ನೂ ಬಾಕಿ.

ಶೀರ್ಷಿಕೆಗೇ ಬಹಳ ಹೊತ್ತು ಹಿಡಿಯಿತು. ‘ಗ್ರಿಸ್ಬಿ’ ಅಂದರೆ ಪ್ಯಾರಿಸ್ ಭೂಗತ ಲೋಕದ ಮಾತಿನಲ್ಲಿ ದುಡ್ಡು. ಚಿತ್ರದಲ್ಲಿ ಅದು ಓರ್ಲಿ ವಿಮಾನ ನಿಲ್ದಾಣದಲ್ಲಿ ಕದ್ದ, 5 ಕೋಟಿ ಫ್ರಾಂಕ್ ಬೆಲೆಯ ಚಿನ್ನದ ಗಟ್ಟಿಗಳು. ‘ದುಡ್ಡು’ ಸಪ್ಪೆಯಾಯಿತು, ‘ಲೂಟಿ’ ಪತ್ರಿಕೆಯ ತಲೆಬರಹದಂತಾಯಿತು. ‘ಗಂಟು’ ಸರಿಯಾಗಿ ಕೂತಿತು: ಕದ್ದದ್ದೂ ಗಂಟು, ಬಚ್ಚಿಟ್ಟದ್ದೂ ಗಂಟು, ಇಳಿವಯಸ್ಸಿಗೆ ಆಗಲಿ ಅಂತ ಕೂಡಿಟ್ಟದ್ದೂ ಗಂಟು. ಝಾಂ ಗಾಬಾಂ ಮಾಡಿರುವ ವಯಸ್ಸಾದ ಕಳ್ಳ ಮ್ಯಾಕ್ಸ್‌ನ ಮಟ್ಟಿಗೆ ಮೂರೂ ನಿಜ.

ಅನುವಾದ ಮಾಡಿದ್ದು ಫ್ರೆಂಚ್ ಧ್ವನಿಯಿಂದಲೇ. ಇಂಗ್ಲಿಷ್ ಸಬ್‌ಟೈಟಲ್ ಅರ್ಥ ಹೋಲಿಸಲು ಮಾತ್ರ. ಕಾರಣ ಫ್ರೆಂಚಿನ ಸಲಿಗೆಯ ‘ತ್ಯು’ ಮತ್ತು ಗೌರವದ ‘ವೂ’. ಇಂಗ್ಲಿಷಿನಲ್ಲಿ ಎರಡೂ ‘ಯೂ’ ಆಗಿ ಕರಗಿಹೋಗುತ್ತವೆ, ಕನ್ನಡದಲ್ಲಿ ‘ನೀನು’, ‘ನೀವು’ ಕಾದು ಕೂತಿವೆ. ಈ ಚಿತ್ರಕ್ಕೆ ಆ ವ್ಯತ್ಯಾಸ ಏಕೆ ಮುಖ್ಯ ಅಂದರೆ: ಎರಡನೇ ಮಹಾಯುದ್ಧದ ನಂತರ, 1946ರಲ್ಲಿ, ಅಮೆರಿಕದ ಅಪರಾಧ ಚಿತ್ರಗಳು ಒಟ್ಟಿಗೆ ಪ್ಯಾರಿಸ್ ತಲುಪಿದಾಗ ವಿಮರ್ಶಕ ನಿನೋ ಫ್ರಾಂಕ್ ಅವನ್ನು ‘ಫಿಲ್ಮ್ ನುವಾರ್’, ಅಂದರೆ ಕಪ್ಪು ಚಿತ್ರ, ಎಂದು ಕರೆದರು. ಬೆಕೇರ್ ಆ ಲೋಕದ ರಾತ್ರಿ, ಕ್ಲಬ್ಬು, ದ್ರೋಹ ಎಲ್ಲವನ್ನೂ ಇಟ್ಟುಕೊಂಡು ದರೋಡೆಯನ್ನೇ ತೋರಿಸದೆ ಬಿಟ್ಟರು. ಉಳಿದದ್ದು ಇಬ್ಬರು ಹಳೆಯ ಸ್ನೇಹಿತರ ಸಲಿಗೆ. ಅದು ಸಬ್‌ಟೈಟಲ್‌ನಲ್ಲಿ ಸೋರಿಹೋದರೆ ಚಿತ್ರವೇ ಹೋದಂತೆ.

ವಿಧಾನ ಸರಳ: ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಸಾಲಿನ ಪಕ್ಕ ಯಾರು, ಯಾರಿಗೆ, ‘ತ್ಯು’ವೋ ‘ವೂ’ವೋ ಎಂಬ ಮೂರು ಕಾಲಂ. ಕನ್ನಡದಲ್ಲಿ ಸರ್ವನಾಮವನ್ನೇ ಬರೆಯಬೇಕಿಲ್ಲ, ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ‘ಬರ್ತೀಯಾ?’ ಸಾಕು. ಜಾಗವೂ ಉಳಿಯುತ್ತದೆ.

ಮ್ಯಾಕ್ಸ್ ಮತ್ತು ಅವನ ಹಳೆಯ ಸ್ನೇಹಿತ ರಿತೋಂ ಅಡಗುದಾಣದ ಫ್ಲ್ಯಾಟ್‌ನಲ್ಲಿ ರಾತ್ರಿ ಕಳೆಯುವ ದೃಶ್ಯ ಇದಕ್ಕೆ ಒಳ್ಳೆಯ ಪರೀಕ್ಷೆ. ರಸ್ಕ್ ಮೇಲೆ ಪತೇ (ಅರೆದ ಮಾಂಸದ ಮುದ್ದೆ) ಸವರಿಕೊಂಡು ತಿನ್ನುತ್ತಾರೆ, ವೈನ್ ಕುಡಿಯುತ್ತಾರೆ, ಆಮೇಲೆ ಪೈಜಾಮ, ಹಲ್ಲುಜ್ಜುವ ಬ್ರಷ್. ಮೊದಲ ಕರಡಿನಲ್ಲಿ ಇಲ್ಲಿನ ಸಾಲುಗಳು ಉದ್ದವಾಗಿದ್ದವು. ಕಣ್ಣು ಕೆಳಗೇ ಉಳಿದು, ಗಾಬಾಂ ರಸ್ಕ್ ಮುರಿಯುವ ನಿಧಾನವೇ ತಪ್ಪಿಹೋಗುತ್ತಿತ್ತು. ಈಗ ಪ್ರತಿ ಸಾಲೂ ಮೂರು ನಾಲ್ಕು ಪದದೊಳಗೆ ಇದೆ. ತೆರೆಯ ಮೇಲೆ ಕಾಣುವ ವಸ್ತುವಿನ ಹೆಸರು ಬರೆಯುವುದನ್ನು ಪೂರ್ತಿ ಬಿಟ್ಟೆವು.

ಹೆಸರುಗಳ ವಿಷಯ: ಫ್ರೆಂಚ್ ‘ತ’, ‘ದ’ ಹಲ್ಲಿಗೆ ತಾಗುವ ಧ್ವನಿಗಳು. ಹಾಗಾಗಿ ‘ರಿತೋಂ’ ಸರಿ. ‘ರಿಟನ್’ ಇಂಗ್ಲಿಷ್ ಕಾಗುಣಿತ ನೋಡಿ ಆಗುವ ತಪ್ಪು.

ಗುಪ್ತಭಾಷೆಯಲ್ಲಿ ದಾರಿ ತಪ್ಪಿದ್ದು ಬೇರೆ ರೀತಿ. ಮಚ್ಚು, ಲಾಂಗು, ಬಾಸು ಎಂದು ಬರೆದ ತಕ್ಷಣ ಪ್ಯಾರಿಸ್‌ನ ಪಿಗಾಲ್ ಬೀದಿ ನಮ್ಮ ಮೆಜೆಸ್ಟಿಕ್ ಆಗಿಬಿಡುತ್ತದೆ. ಮ್ಯಾಕ್ಸ್ ಒಳ್ಳೆಯ ಸೂಟು ತೊಡುವ, ಮೆಲ್ಲಗೆ ಮಾತಾಡುವ ಮನುಷ್ಯ. ಅವನಿಗೆ ಹಳೆಯ ಬಳಕೆಮಾತೇ ಹೊಂದುತ್ತದೆ: ಗಂಟು, ಬಾತ್ಮೀದಾರ, ಕೈಕೊಟ್ಟ, ಬಾಯಿಬಿಟ್ಟ. ಮೂಲ ಕಾದಂಬರಿಯ ಲೇಖಕ ಆಲ್ಬೇರ್ ಸಿಮೋನಾಂ 1957ರಲ್ಲಿ ಈ ಗುಪ್ತಭಾಷೆಗೆ ನಿಘಂಟನ್ನೇ ಪ್ರಕಟಿಸಿದರು. ಬಾಕಿ ಸಾಲುಗಳಿಗೆ ಅದೇ ಆಧಾರ.

ಇನ್ನು ತಾಂತ್ರಿಕ ತೊಡಕುಗಳು. ಸಬ್‌ಟೈಟಲ್ ಹೊಂದಿಸುವ ತಂತ್ರಾಂಶ ಸಬ್‌ಟೈಟಲ್ ಎಡಿಟ್‌ನಲ್ಲಿ ಸಾಲಿಗೆ 42 ಕ್ಯಾರೆಕ್ಟರ್ ಮಿತಿ ಇಟ್ಟರೆ ಕನ್ನಡಕ್ಕೆ ಲೆಕ್ಕ ತಪ್ಪುತ್ತದೆ. ‘ಸ್ನೇಹಿತ’ ಓದುವವರಿಗೆ 3 ಅಕ್ಷರ, ಕಂಪ್ಯೂಟರಿನ ಅಕ್ಷರಸಂಕೇತ ಯೂನಿಕೋಡ್‌ಗೆ 7: ಸ, ಹಲಂತ, ನ, ಏತ್ವ, ಹ, ಗುಡಿಸು, ತ. ಹಾಗಾಗಿ ಅಕ್ಷರವನ್ನೇ ಎಣಿಸುತ್ತಿದ್ದೇವೆ: ಸಾಲಿಗೆ 22, ಸೆಕೆಂಡಿಗೆ 9. ಎರಡು ಸಬ್‌ಟೈಟಲ್ ನಡುವೆ ಕನಿಷ್ಠ 2 ಫ್ರೇಮ್ ಬಿಡುವು.

ಮ್ಯಾಕ್ಸ್‌ನ ಸ್ವಗತಕ್ಕೆ, ಅಂದರೆ ರಿತೋಂ ಬಗ್ಗೆ ಮನಸ್ಸಿನಲ್ಲೇ ಗೊಣಗಿಕೊಳ್ಳುವ ಭಾಗಕ್ಕೆ, ಇಟಾಲಿಕ್ ಹಾಕಿ ನೋಡಿದೆವು. ನಮ್ಮ ಫಾಂಟ್‌ನಲ್ಲಿ ನಿಜವಾದ ಇಟಾಲಿಕ್ ಇಲ್ಲ. ಪ್ಲೇಯರ್ ನೆಟ್ಟಗಿನ ಅಕ್ಷರವನ್ನೇ ಓರೆ ಮಾಡುತ್ತದೆ, ಒತ್ತಕ್ಷರ ಪಕ್ಕದ್ದಕ್ಕೆ ತಾಗಿ ಮಸುಕಾಗುತ್ತದೆ. ಬದಲಿಗೆ ತಿಳಿಹಳದಿ ಬಣ್ಣ ಕೊಟ್ಟಿದ್ದೇವೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯದಂತೆ ಸಾಲಿನ ಅಂತರ ಹೆಚ್ಚಿಸುವುದೂ ಅಗತ್ಯ. ‘ಮ್ಯಾಕ್ಸ್‌ಗೆ’ ಎಂಬಲ್ಲಿ ಕಣ್ಣಿಗೆ ಕಾಣದ ಒಂದು ವಿಭಾಜಕ ಚಿಹ್ನೆ ಇದೆ. ಅನಗತ್ಯ ಚಿಹ್ನೆ ತೆಗೆಯುವ ಸ್ವಯಂಚಾಲಿತ ಆಯ್ಕೆ ಅದನ್ನೂ ಅಳಿಸಿ, ‘ಗ’ ಒತ್ತಾಗಿ ಕೆಳಗೆ ಇಳಿದಿತ್ತು. ಆ ಆಯ್ಕೆಯನ್ನು ಮುಚ್ಚಿಡಬೇಕು.

ಟೈಮಿಂಗ್ ಜಾರಿದರೆ ಮೊದಲು ಫ್ರೇಮ್ ವೇಗ ನೋಡಿ. ಯುರೋಪಿನ ಹಳೆಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರ ವೇಗದಲ್ಲಿ ಓಡುತ್ತದೆ. 96 ನಿಮಿಷದ್ದು 92 ನಿಮಿಷ 10 ಸೆಕೆಂಡಿಗೆ ಇಳಿಯುತ್ತದೆ. ಸಾಲುಗಳನ್ನು ಮುಂದೆ ಹಿಂದೆ ಸರಿಸಿದರೆ ಇದು ಸರಿಹೋಗದು, ಇಡೀ ಫೈಲನ್ನು ಅನುಪಾತದಲ್ಲಿ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ವ್ಯತ್ಯಾಸ ಗಂಟೆಗೆ 3.6 ಸೆಕೆಂಡ್ ಮಾತ್ರ ಇದ್ದರೆ, ತಪ್ಪು 23.976 ಮತ್ತು 24ರ ನಡುವಿನದು.

ಮುಂದಿನ ಚಿತ್ರ 1955ರ ‘ರಿಫಿಫಿ’. ಕಮ್ಯುನಿಸ್ಟರೆಂದು ದೂರವಿಟ್ಟವರ ಅಮೆರಿಕದ ಕಪ್ಪುಪಟ್ಟಿಗೆ ಸೇರಿ ಅಲ್ಲಿ ಕೆಲಸ ಕಳೆದುಕೊಂಡ ಜೂಲ್ಸ್ ಡ್ಯಾಸಿನ್ ಪ್ಯಾರಿಸ್‌ನಲ್ಲಿ ಮಾಡಿದ್ದು. ದರೋಡೆಯ ಸುಮಾರು ಅರ್ಧ ಗಂಟೆಯಲ್ಲಿ ಮಾತೂ ಇಲ್ಲ, ಸಂಗೀತವೂ ಇಲ್ಲ. ಕೊರೆದ ಸೂರಿನಿಂದ ಉದುರುವ ಗಾರೆಯನ್ನು ಬಿಚ್ಚಿದ ಕೊಡೆ ಹಿಡಿದುಕೊಳ್ಳುತ್ತದೆ. ಸಬ್‌ಟೈಟಲ್ ಮಾಡುವವರಿಗೆ ಇಲ್ಲೊಂದು ಅಪಾಯ ಇದೆ: ಟೈಮಿಂಗ್ ಜಾರುತ್ತಿದ್ದರೂ ಆ ಹೊತ್ತಿನಲ್ಲಿ ಗೊತ್ತೇ ಆಗದು. ದರೋಡೆಗೆ ಮುಂಚಿನ ಕೊನೆಯ ಮಾತು, ನಂತರದ ಮೊದಲ ಮಾತು, ಈ ಎರಡು ಬಿಂದುಗಳನ್ನು ಮೊದಲೇ ಕೂರಿಸಿಕೊಂಡು ಕೆಲಸ ಶುರು. ಕಿವಿ ಕೇಳದವರಿಗಾಗಿ ಸುತ್ತಿಗೆ, ಉಸಿರು, ಗಾರೆಯ ಸದ್ದನ್ನು ಬರೆದ ಫೈಲ್ ಪ್ರತ್ಯೇಕವಾಗಿ ಬರುತ್ತದೆ.